ಟ್ರೇಲರ್ ಕಣ್ಣಳತೆಯಲ್ಲಿ ತುಂಬ್ತೀವಿ, ನಿಲ್ಲಿಸೋದು ಹೇಗೆ?

ಕೆರೆ ಬತ್ತಿದ ಕೂಡಲೇ ಗೋಡು ಹೊಡೆಸುವ ಕೆಲಸ ಶುರುವಾಗುತ್ತೆ. ಅದರ ಹಿಂದೆಯೇ ಕೊಟ್ಟಿಗೆ ಗೊಬ್ಬರ, ಆಮೇಲೆ ಇಟ್ಟಿಗೆ, ಜಲ್ಲಿ, ಮರಳು. ಯಾರನ್ನು ಮಾತಾಡಿಸಿದರೂ ಒಂದೇ ಪ್ರಶ್ನೆ: "ಎಷ್ಟು ಲೋಡ್ ಹೊಡೆಸಿದ್ರಿ?" ಎಷ್ಟು ಟನ್ ಅಂತ ಕೇಳಿದವರನ್ನು ನಾನು ನೋಡಿದ್ದು ಕಡಿಮೆ. ಲೋಡ್ ಅನ್ನೋದು ತೂಕವೇ ಅಲ್ಲ, ಅದು ಬರೀ ಜಾಗದ ಲೆಕ್ಕ. ನಮ್ಮ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಮಗುಚೋದಕ್ಕೆ, ಇಳಿಜಾರಿನಲ್ಲಿ ಕೈಮೀರಿ ಹೋಗೋದಕ್ಕೆ ಅರ್ಧ ಕಾರಣ ಈ ಲೆಕ್ಕವೇ ಅನ್ನೋದು ನನ್ನ ಅಭಿಪ್ರಾಯ.

ನಮ್ಮ ಕಡೆ ಸಾಮಾನ್ಯವಾಗಿ ಕಾಣೋ ಟ್ರೇಲರ್ ತಗೊಳ್ಳಿ. ಒಳ ಅಳತೆ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ. ಅಂದ್ರೆ 120 ಕ್ಯೂಬಿಕ್ ಅಡಿ, ಹತ್ತಿರ ಹತ್ತಿರ 3.4 ಘನ ಮೀಟರ್. ಇದಕ್ಕೆ ಚೆನ್ನಾಗಿ ಕಳಿತು ಒಣಗಿದ ಕೊಟ್ಟಿಗೆ ಗೊಬ್ಬರ ತುಂಬಿದರೆ ಒಂದೂಮುಕ್ಕಾಲು ಟನ್ ಆಸುಪಾಸು ಬರುತ್ತೆ. ಅದೇ ಗೊಬ್ಬರ ಹಸಿಯಾಗಿದ್ದು ಮಳೆಗೂ ನೆನೆದಿದ್ದರೆ 3 ಟನ್. ಒಣ ಗೋಡು 4 ಟನ್ ದಾಟುತ್ತೆ. ತೇವ ಇರುವ ಗೋಡು ಆದರೆ 5.8 ಟನ್, ಮೇಲೆ ಗೋಪುರ ಮಾಡಿದರೆ ಇನ್ನೂ ಒಂದು ಟನ್ ಸೇರಿಸಿಕೊಳ್ಳಿ. ಎಲ್ಲವೂ ಒಂದೇ ಟ್ರೇಲರ್, ಒಂದೇ "ಫುಲ್ ಲೋಡ್". ಒಂದೂಮುಕ್ಕಾಲು ಟನ್ನಿಗೂ ಆರೂಮುಕ್ಕಾಲು ಟನ್ನಿಗೂ ನಾವು ಇಟ್ಟಿರೋ ಹೆಸರು ಒಂದೇ.

ಇದು ರಸ್ತೆಯ ಮಾತು ಮಾತ್ರ ಅಲ್ಲ. ತೋಟಗಾರಿಕೆ ಓದುವಾಗ ತರಕಾರಿ ಬೆಳೆಗಳಿಗೆ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಅಂತ ಉರು ಹೊಡೆದಿದ್ವಿ. ಎಕರೆಗೆ 10 ಟನ್ ಆಯ್ತು. ಶಿಫಾರಸು ಟನ್ನಿನಲ್ಲಿದೆ, ನಾವು ಕೊಳ್ಳೋದು ಲೋಡಿನಲ್ಲಿ. ಒಣ ಗೊಬ್ಬರವಾದರೆ ಹತ್ತು ಟನ್ನಿಗೆ ಆರು ಲೋಡ್ ಬೇಕು, ನೆಂದ ಗೊಬ್ಬರವಾದರೆ ಮೂರು ಚಿಲ್ಲರೆ ಲೋಡಿಗೇ ಹತ್ತು ಟನ್ ಆಗಿಹೋಗುತ್ತೆ, ಅದರಲ್ಲಿ ಬಹುಪಾಲು ನೀರು. ತೂಕ ಗೊತ್ತಿಲ್ಲದಿದ್ದರೆ ಹೊಲಕ್ಕೆ ಏನು ಕೊಟ್ವಿ ಅನ್ನೋದೂ ಗೊತ್ತಾಗಲ್ಲ.

ಇರಲಿ, ರಸ್ತೆಗೆ ಬರೋಣ. "ನಮ್ಮ ಗಾಡಿ ಎಳೆಯುತ್ತೆ ಬಿಡಿ ಸಾರ್" ಅಂತಾರೆ ಚಾಲಕರು. ಎಳೆಯೋದು ನಿಜ. 45-50 ಎಚ್‌ಪಿ ಟ್ರ್ಯಾಕ್ಟರಿಗೆ ಕೆಳಗಿನ ಗೇರಿನಲ್ಲಿ ಏನು ಕಟ್ಟಿದರೂ ಎಳೆಯುತ್ತೆ. ಆದರೆ ಎಳೆಯುವ ಶಕ್ತಿ ಬೇರೆ, ಹಿಡಿದು ನಿಲ್ಲಿಸುವ ಶಕ್ತಿ ಬೇರೆ, ನೇರ ದಾರಿಯಲ್ಲಿ ಇಟ್ಟುಕೊಳ್ಳುವ ಶಕ್ತಿ ಇನ್ನೂ ಬೇರೆ. ಎಂಜಿನ್ನಿಗೆ ಎಚ್‌ಪಿ ಇದೆ, ಬ್ರೇಕಿಗೂ ಸ್ಟೇರಿಂಗಿಗೂ ಇರೋದು ಗಾಡಿಯ ಸ್ವಂತ ತೂಕ ಮಾತ್ರ. ಆ ತೂಕ ಎಷ್ಟು? ಸುಮಾರು 2 ಟನ್.

ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮುಂಭಾರ, ಹಿಂಭಾರ ಅನ್ನೋ ಮಾತು ಅವರದೇ. ಭಾರ ಮುಂದಕ್ಕೆ ಬಿದ್ದರೆ ನೊಗ ಎತ್ತಿನ ಹೆಗಲನ್ನು ಕೊರೆಯುತ್ತೆ, ಹಿಂದಕ್ಕೆ ಬಿದ್ದರೆ ಮೂಕಿ ಮೇಲೆದ್ದು ಕೊರಳಿನ ಹಗ್ಗ ಬಿಗಿಯುತ್ತೆ. ಹೇರುವಾಗ ಒಬ್ಬ ಮೂಕಿ ಹಿಡಿದು ಎತ್ತಿ ನೋಡಿ "ಇನ್ನೊಂದೆರಡು ಮೂಟೆ ಹಿಂದಕ್ಕೆ" ಅಂತಿದ್ದ. ಎರಡು ಗಾಲಿಯ ಟ್ರೇಲರ್ ಅದೇ ಎತ್ತಿನ ಗಾಡಿ. ಮೂಕಿ ಕಬ್ಬಿಣದ್ದಾಯ್ತು, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು ಅಷ್ಟೇ. ಟ್ರ್ಯಾಕ್ಟರಿಗೆ ಬಾಯಿಲ್ಲ, ನೋವಾದರೆ ತಲೆ ಒದರಲ್ಲ. ಹಾಗಾಗಿ ಮೂಕಿ ಎತ್ತಿ ನೋಡೋ ಅಭ್ಯಾಸ ಹೋಯ್ತು.

ಸ್ವಲ್ಪ ಲೆಕ್ಕ ಮಾಡೋಣ, ಬೇಜಾರು ಮಾಡ್ಕೋಬೇಡಿ. 2 ಟನ್ ಟ್ರ್ಯಾಕ್ಟರಿನಲ್ಲಿ ಮುಂದಿನ ಗಾಲಿಗಳ ಮೇಲೆ ಸುಮಾರು 700 ಕೆಜಿ, ಹಿಂದಿನ ಗಾಲಿಗಳ ಮೇಲೆ 1,300 ಕೆಜಿ ಇದೆ ಅಂದ್ಕೊಳ್ಳಿ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಸುಮಾರು 2 ಮೀಟರ್. ಟ್ರೇಲರ್ ಸಿಕ್ಕಿಸುವ ಕೊಂಡಿ ಹಿಂದಿನ ಆ್ಯಕ್ಸಲ್‌ನಿಂದ ಮುಕ್ಕಾಲು ಮೀಟರ್ ಹಿಂದೆ ಇರುತ್ತೆ. ಟ್ರೇಲರ್ ತನ್ನ ಸ್ವಂತ ತೂಕವೂ ಸೇರಿ 6 ಟನ್ ಇದ್ದು, ಅದರಲ್ಲಿ 800 ಕೆಜಿ ಕೊಂಡಿಯ ಮೇಲೆ ಕೂತಿದೆ ಅನ್ನಿ. ಏತದ ಮರದ ಹಾಗೆ, ಹಿಂದೆ ಒತ್ತಿದಷ್ಟೂ ಮುಂದೆ ಏಳುತ್ತೆ. 800 ಕೆಜಿಗೆ ಮುಂದಿನ ಗಾಲಿಯ ಮೇಲಿಂದ 300 ಕೆಜಿ ಹೋಯ್ತು, ಉಳಿದದ್ದು 400. ಟ್ರ್ಯಾಕ್ಟರ್ ಸ್ಟೇರಿಂಗ್ ಮಾತು ಕೇಳಬೇಕಾದರೆ ಅದರ ತೂಕದಲ್ಲಿ ಕನಿಷ್ಠ ಶೇಕಡಾ 20 ಭಾಗ ಮುಂದಿನ ಗಾಲಿಯ ಮೇಲಿರಬೇಕು ಅನ್ನೋದು ಎಲ್ಲ ಕಡೆ ಪಾಲಿಸುವ ನಿಯಮ. 2 ಟನ್ನಿಗೆ ಅದು 400 ಕೆಜಿ. ಅಂದ್ರೆ ಸಮತಟ್ಟು ರಸ್ತೆಯಲ್ಲೇ ನಾವು ಅಂಚಿಗೆ ಬಂದು ನಿಂತಿದ್ದೀವಿ.

ಈಗ ಏರು ಬಂತು. ಹತ್ತು ಮೀಟರ್ ಹೋದರೆ ಒಂದು ಮೀಟರ್ ಏರುವ ದಿಬ್ಬ, ಕೆರೆ ಏರಿ ಹತ್ತುವಾಗ ಇದಕ್ಕಿಂತ ಕಡಿದಾಗೇ ಇರುತ್ತೆ. 6 ಟನ್ ಎಳೆಯೋ ಜಗ್ಗಿಗೆ ಇನ್ನೂ 200 ಕೆಜಿ, ಟ್ರ್ಯಾಕ್ಟರಿನ ಸ್ವಂತ ತೂಕ ಹಿಂದಕ್ಕೆ ವಾಲುವುದಕ್ಕೆ 70 ಕೆಜಿ ಹೋಗುತ್ತೆ. ಉಳಿದದ್ದು 130 ಕೆಜಿ. ಅಷ್ಟು ಹೊತ್ತಿಗೆ ಚಾಲಕ ಕ್ಲಚ್ಚನ್ನು ಸ್ವಲ್ಪ ಜೋರಾಗಿ ಬಿಟ್ಟರೆ ಮುಂದಿನ ಗಾಲಿ ಎದ್ದು ನಿಲ್ಲುತ್ತೆ. ಹಿಂದಕ್ಕೆ ಮಗುಚೋಕೆ ಒಂದೂವರೆ ಸೆಕೆಂಡ್ ಸಾಕು, ಜಿಗಿಯೋಕೆ ಸಮಯವೇ ಇರಲ್ಲ. ಈ ಲೆಕ್ಕದಲ್ಲಿ ಹಿಡಿದಿರೋ 6 ಟನ್ ಅನ್ನೋದು ತೇವದ ಗೋಡು ತುಂಬಿದ ಟ್ರೇಲರ್‌ಗಿಂತ ಒಂದು ಟನ್ ಕಮ್ಮಿಯೇ, ನೆನಪಿರಲಿ.

ಕೆಲವರು ಕೊಂಡಿಯನ್ನು ಮೇಲೆ, ನೇಗಿಲು ಸಿಕ್ಕಿಸುವ ಮೇಲಿನ ತುದಿಗೆ ಹಾಕಿ ಸಿಕ್ಕಿಕೊಂಡ ಗಾಡಿ ಎಳೀತಾರೆ. ಅದನ್ನು ಯಾವ ಕಾರಣಕ್ಕೂ ಮಾಡಬಾರದು. ಎಳೆಯುವ ಜಾಗ ಮೇಲಕ್ಕೆ ಹೋದಷ್ಟೂ ಟ್ರ್ಯಾಕ್ಟರ್ ಹಿಂದಕ್ಕೆ ಏಳುತ್ತೆ.

ಹೈವೇಯಲ್ಲಿ ಕಂಟೇನರ್ ಲಾರಿ ನೋಡಿರ್ತೀರಿ. ಅದರ ಹಿಂದಿನ ಭಾಗ ಟ್ರ್ಯಾಕ್ಟರ್ ಟ್ರೇಲರ್ ಥರ ಬಾಲಕ್ಕೆ ಸಿಕ್ಕಿಸಿದ್ದಲ್ಲ. ಎಳೆಯುವ ಲಾರಿಯ ಹಿಂದಿನ ಗಾಲಿಗಳ ನೆತ್ತಿಯ ಮೇಲೆ, ಒಂದು ದುಂಡು ತಟ್ಟೆಯ ಮೇಲೆ ಕೂತಿರುತ್ತೆ. ಫಿಫ್ತ್ ವೀಲ್ ಅಂತಾರೆ ಅದಕ್ಕೆ. ಭಾರ ಆ್ಯಕ್ಸಲ್ ಮೇಲೇ ಬೀಳೋದರಿಂದ ಮುಂದಿನ ಗಾಲಿ ಹಗುರ ಆಗಲ್ಲ, ಅದಕ್ಕೇ ಒಟ್ಟು ತೂಕದ ದೊಡ್ಡ ಪಾಲನ್ನು ಅಲ್ಲಿ ಹೊರಿಸಬಹುದು. ಮೇಲಾಗಿ ಹಿಂದಿನ ಭಾಗಕ್ಕೂ ಗಾಲಿಗಾಲಿಗೆ ಏರ್ ಬ್ರೇಕ್ ಇರುತ್ತೆ. ನಮ್ಮ ಟ್ರೇಲರಿಗೆ ಈ ಎರಡೂ ಇಲ್ಲ. ಲಾರಿಯವನು ಹೇರಿದ್ದನ್ನು ನೋಡಿ ನಾವು ಹೇರೋಕೆ ಹೋಗಬಾರದು.

ಏರು ಬಿಡಿ, ನನಗೆ ಹೆಚ್ಚು ಹೆದರಿಕೆ ಇಳಿಜಾರಿನದು. ಎತ್ತಿನ ಗಾಡಿಗೂ ಗಾಲಿಗೆ ಒತ್ತುವ ಮರದ ಬ್ರೇಕ್ ಇರ್ತಿತ್ತು. ನಮ್ಮ ಬಹುಪಾಲು ಟ್ರೇಲರ್‌ಗಳಿಗೆ ಅದೂ ಇಲ್ಲ. ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಬ್ರೇಕ್ ಇರೋದು ಹಿಂದಿನ ಎರಡು ಗಾಲಿಗೆ. ಪೂರ್ತಿ ಗಾಡಿಯನ್ನು ಆ ಎರಡು ಟೈರುಗಳ ಹಿಡಿತವೇ ನಿಲ್ಲಿಸಬೇಕು. ಮೇಲಿನ 6 ಟನ್ ಟ್ರೇಲರ್, ಒಣ ಡಾಂಬರು ರಸ್ತೆ, ಗಂಟೆಗೆ 25 ಕಿಲೋಮೀಟರ್ ವೇಗ ಇಟ್ಟು ಲೆಕ್ಕ ಹಾಕಿದರೆ, ಬ್ರೇಕ್ ಒತ್ತಿದ ಮೇಲೆ ನಿಲ್ಲೋಕೆ ಸುಮಾರು 14 ಮೀಟರ್ ಬೇಕು. ಕಾಲು ಬ್ರೇಕಿಗೆ ಹೋಗೋ ಒಂದು ಸೆಕೆಂಡಿನಲ್ಲಿ ಓಡಿದ್ದು 7 ಮೀಟರ್ ಬೇರೆ. ಒಟ್ಟು 21. ಪರವಾಗಿಲ್ಲ ಅನಿಸುತ್ತೆ. ಅದೇ ರಸ್ತೆ ಹನ್ನೆರಡು ಮೀಟರಿಗೆ ಒಂದು ಮೀಟರ್ ಇಳಿಯುವಂತಿದ್ದರೆ ಒಟ್ಟು 30 ಮೀಟರ್ ದಾಟುತ್ತೆ. ರಸ್ತೆಯಲ್ಲಿ ಮಣ್ಣು ಚೆಲ್ಲಿದ್ದರೆ, ಮಳೆ ಹನಿದಿದ್ದರೆ ಇನ್ನೂ ದೂರ.

ಈಗ ಕಬ್ಬಿನ ಗಾಡಿ ನೋಡಿ. ಬೆಳಗಾವಿ, ಬಾಗಲಕೋಟೆ ಕಡೆ ಒಂದು ಟ್ರ್ಯಾಕ್ಟರಿಗೆ ನಾಲ್ಕು ಗಾಲಿಯ ಎರಡು ಟ್ರೇಲರ್ ಕಟ್ಟಿ ಕಾರ್ಖಾನೆಗೆ ಹೋಗ್ತಾರೆ. ಎರಡೂ ಸೇರಿ 20 ಟನ್ ಅಂದ್ಕೊಳ್ಳಿ. ನಾಲ್ಕು ಗಾಲಿಯ ಟ್ರೇಲರ್ ಕೊಂಡಿಯ ಮೇಲೆ ಭಾರ ಹಾಕಲ್ಲ, ಹಾಗಾಗಿ ಮುಂದಿನ ಗಾಲಿ ಏಳೋ ಭಯ ಕಮ್ಮಿ. ಆದರೆ ಅದೇ ಕಾರಣಕ್ಕೆ ಹಿಂದಿನ ಗಾಲಿಗೆ ಹಿಡಿತವೂ ಕಮ್ಮಿ. 1,300 ಕೆಜಿ ಕೂತಿರೋ ಎರಡು ಟೈರು 22 ಟನ್ನನ್ನು ನಿಲ್ಲಿಸಬೇಕು. ಅದೇ 25 ಕಿಲೋಮೀಟರ್ ವೇಗದಲ್ಲಿ, ಸಮತಟ್ಟು ರಸ್ತೆಯಲ್ಲಿ, ಬ್ರೇಕಿನ ಬಲವೊಂದನ್ನೇ ಹಿಡಿದರೆ 70 ಮೀಟರ್. ಮೇಲ್ಸೇತುವೆ ಇಳಿಯುವಾಗ ಇರುವ ಸಣ್ಣ ಇಳಿಜಾರು ಸಾಕು, ಬ್ರೇಕ್ ಒತ್ತಿದರೂ ಗಾಡಿ ವೇಗ ಇಳಿಸಲ್ಲ. ಹಿಂದಿನಿಂದ ಟ್ರೇಲರ್ ತಳ್ಳಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸಿಬಿಡುತ್ತೆ. "ಗೇರಲ್ಲಿ ಹಿಡೀತೀನಿ" ಅನ್ನೋರಿಗೆ ಒಂದು ಮಾತು: ಗೇರು ಹಿಡಿಯೋದೂ ಅದೇ ಎರಡು ಟೈರಿನ ಮೂಲಕ. ಟೈರು ಜಾರಿದರೆ ಗೇರೂ ಇಲ್ಲ, ಬ್ರೇಕೂ ಇಲ್ಲ.

ಹಾಗಂತ ಗೇರು ಬೇಡ ಅಂತಲ್ಲ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಹಾಕಿ ಇಳಿಸಬೇಕು, ನಡುವೆ ಬದಲಾಯಿಸೋಕೆ ಹೋಗಬಾರದು. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿ ಬಿಡೋರಿಗೆ ಏನು ಹೇಳೋದೋ ಗೊತ್ತಾಗಲ್ಲ. ಇನ್ನೊಂದು, ಉಳುವಾಗ ಎಡ ಬಲ ಬೇರೆ ಬೇರೆ ಒತ್ತೋಕೆ ಅಂತ ಬಿಚ್ಚಿಟ್ಟ ಎರಡು ಬ್ರೇಕ್ ಪೆಡಲ್‌ಗಳನ್ನು ರಸ್ತೆಗೆ ಬರುವ ಮುಂಚೆ ಚಿಲಕ ಹಾಕಿ ಜೋಡಿಸಿ. ಒಂದೇ ಕಡೆ ಬ್ರೇಕ್ ಹಿಡಿದರೆ ಭಾರದ ಗಾಡಿ ಪಲ್ಟಿಯೇ.

ಇಷ್ಟೆಲ್ಲ ಓದಿ "ಚಾಲಕರಿಗೆ ಬುದ್ಧಿ ಇಲ್ಲ" ಅಂತ ನೀವು ತೀರ್ಮಾನಿಸಿದರೆ ನಾನು ಒಪ್ಪಲ್ಲ. ತುಂಬಿಸೋರು ನಾವು. ಲೋಡಿಗಿಷ್ಟು ಅಂತ ದರ ಮಾತಾಡ್ತೀವಿ, ಆಮೇಲೆ ಜೆಸಿಬಿ ಪಕ್ಕ ನಿಂತು "ಇನ್ನೊಂದು ಬಕೆಟ್ ಹಾಕಪ್ಪ, ಏನಾಗುತ್ತೆ" ಅಂತೀವಿ. ಪಕ್ಕಕ್ಕೆ ಹಲಗೆ ಏರಿಸಿ ಎರಡು ಅಡಿಯನ್ನು ಮೂರು ಅಡಿ ಮಾಡಿಸ್ತೀವಿ. ಚಾಲಕ ಬೇಡ ಅಂದರೆ ನಾಳೆ ಬೇರೆಯವನಿಗೆ ಫೋನ್. ಕಬ್ಬಿನಲ್ಲಿ ಟನ್ನಿಗೆ ಇಷ್ಟು ಬಾಡಿಗೆ ಅಂತ ಇದೆ, ಅಲ್ಲೂ ಹೇರಿದಷ್ಟು ಲಾಭ. ಅತಿ ಹೆಚ್ಚು ಟನ್ ತಂದವನಿಗೆ ಹಾರ ಹಾಕಿ, ವಿಡಿಯೋ ಮಾಡಿ ಹಂಚ್ತಾರೆ. ಇದಕ್ಕೆ ಹಾರ ಹಾಕೋದು ನನ್ನ ಕಣ್ಣಿಗೆ ಸರಿ ಕಾಣಲ್ಲ.

ಕಾನೂನೂ ಚಾಲಕನೊಬ್ಬನನ್ನೇ ಹಿಡಿಯಲ್ಲ. ಟ್ರ್ಯಾಕ್ಟರಿಗೂ ಟ್ರೇಲರಿಗೂ ಬೇರೆ ಬೇರೆ ಆರ್‌ಸಿ ಇರುತ್ತೆ, ಖಾಲಿ ತೂಕ, ಭಾರ ಸೇರಿದ ತೂಕ ಎರಡೂ ಅದರಲ್ಲಿ ನಮೂದಾಗಿರುತ್ತೆ. ಮೋಟಾರು ವಾಹನ ಕಾಯ್ದೆಯ 194ನೇ ಕಲಮು 2019ರ ತಿದ್ದುಪಡಿಯ ಮೇಲೆ ಹೇಳೋದು ಏನಂದ್ರೆ, ಮಿತಿ ಮೀರಿ ಹೇರಿದರೆ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000. ಓಡಿಸಿದವರಿಗೆ ಮಾತ್ರ ಅಲ್ಲ, ಹಾಗೆ ಓಡಿಸೋಕೆ ಬಿಟ್ಟವರಿಗೂ ಇದು ಅನ್ವಯ. ದಂಡ ಯಾವತ್ತೋ ಒಂದು ದಿನ ಬೀಳಬಹುದು, ಬೀಳದೇ ಇರಬಹುದು. ಆದರೆ ಅಪಘಾತ ಆದ ದಿನ ವಿಮೆಯವರು ಮೊದಲು ಕೇಳೋದು ಆ ಆರ್‌ಸಿಯನ್ನೇ. ಲೋಡಿನ ಮೇಲೆ ಕೂಲಿಯವರನ್ನು ಕೂರಿಸಿದ್ದರಂತೂ ಪರಿಹಾರದ ಕೇಸು ವರ್ಷಗಟ್ಟಲೆ ಎಳೆಯುತ್ತೆ.

"ಅರ್ಧ ಲೋಡ್ ಹೊಡೆಸಿದರೆ ಬಡ ರೈತನಿಗೆ ಗಿಟ್ಟುತ್ತಾ?" ಇದು ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕೋಣ. 10 ಟನ್ ಗೋಡು ಬೇಕು, ಕೆರೆ 8 ಕಿಲೋಮೀಟರ್ ದೂರ. ಎರಡೇ ಸಲಕ್ಕೆ ಐದೈದು ಟನ್ ತರಬಹುದು, ಮೂರು ಸಲಕ್ಕೆ ಮೂರೂಕಾಲು ಟನ್ನಿನ ಹಾಗೆ ತರಬಹುದು. ಒಂದು ಸಲ ಹೆಚ್ಚಿಗೆ ಹೋಗಿಬರೋಕೆ 16 ಕಿಲೋಮೀಟರ್, ಡೀಸೆಲ್ ನಾಲ್ಕು ಲೀಟರ್ ಆಸುಪಾಸು. ಮುನ್ನೂರೈವತ್ತು, ನಾನೂರು ರೂಪಾಯಿ, ಚಾಲಕನ ಒಂದು ಗಂಟೆ. ಹತ್ತು ಟನ್ನಿಗೆ ಹಂಚಿದರೆ ಟನ್ನಿಗೆ ನಲವತ್ತು ರೂಪಾಯಿ ಡೀಸೆಲ್. ಕ್ಲಚ್ ಪ್ಲೇಟು, ಟೈರು, ಆ್ಯಕ್ಸಲ್ ಬೇರಿಂಗು ಬೇಗ ಹೋಗೋ ಖರ್ಚು ಇದರ ಎದುರಿಗೆ ಇಟ್ಟು ನೋಡಿ. ನಾನು ಚಾಲಕರ ಹತ್ತಿರ ಲೋಡಿನ ದರ ಮಾತಾಡೋದು ಬಿಟ್ಟು ಟನ್ ಮತ್ತು ಟ್ರಿಪ್ಪಿನ ದರ ಸೇರಿಸಿ ಮಾತಾಡ್ತೀನಿ. ಮೊದಲೆರಡು ಸಲ ವಿಚಿತ್ರವಾಗಿ ನೋಡಿದ್ರು, ಈಗ ಅವರಿಗೇ ಇಷ್ಟ. ಕಮ್ಮಿ ಹೇರಿದರೆ ಅವರ ದುಡ್ಡು ಕಮ್ಮಿ ಆಗಲ್ಲ ಅನ್ನೋದು ಗೊತ್ತಾಗಿದೆ.

ಇನ್ನೊಂದು ನಷ್ಟ ಹೊಲದೊಳಗೇ ಇದೆ. ನಾವು ಗೊಬ್ಬರ, ಗೋಡು ತರೋದು ಮಣ್ಣು ಸಡಿಲ ಆಗಲಿ, ಎರೆಹುಳು ಬರಲಿ ಅಂತ. ಒಂದೇ ಆ್ಯಕ್ಸಲ್ ಮೇಲೆ ಐದಾರು ಟನ್ ಹೊತ್ತ ಟ್ರೇಲರ್ ತೇವದ ಹೊಲದಲ್ಲಿ ಓಡಾಡಿದರೆ ಮಣ್ಣು ಒಂದೂಕಾಲು ಅಡಿಗಿಂತ ಕೆಳಗೂ ಬಿಗಿಯುತ್ತೆ. ಆ ಆಳಕ್ಕೆ ನಮ್ಮ ನೇಗಿಲು, ರೋಟವೇಟರ್ ಮುಟ್ಟಲ್ಲ. ಮೇಲೆ ಉತ್ತು ಚೆನ್ನಾಗಿ ಕಾಣುತ್ತೆ, ಕೆಳಗೆ ಬೇರು ಇಳಿಯದೆ ಅಡ್ಡ ತಿರುಗುತ್ತೆ, ಮಳೆ ನೀರು ನಿಲ್ಲುತ್ತೆ. ತೆಂಗು, ಮಾವಿನ ಸಾಲಿನ ನಡುವೆ ಒಂದೇ ಜಾಡಿನಲ್ಲಿ ಓಡಿಸಿ, ಇಲ್ಲದಿದ್ದರೆ ಬದುವಿನಲ್ಲೇ ಸುರಿದು ಒಳಗೆ ಸಣ್ಣ ಗಾಡಿಯಲ್ಲಿ ಸಾಗಿಸಿ. ಸಾವಯವ ಅಂತ ಹೇಳಿಕೊಳ್ಳೋರು ಇದನ್ನಾದರೂ ಯೋಚಿಸಬೇಕು.

ನೀರಿನ ಟ್ಯಾಂಕರ್ ಬಗ್ಗೆ ಎರಡು ಮಾತು. 5,000 ಲೀಟರ್ ಅಂದ್ರೆ 5 ಟನ್, ಅದರಲ್ಲಿ ಅನುಮಾನವೇ ಇಲ್ಲ. ತಡೆ ಹಲಗೆ ಇಲ್ಲದ ಟ್ಯಾಂಕರ್ ಅರ್ಧ ತುಂಬಿದ್ದರೆ ಪೂರ್ತಿ ತುಂಬಿದ್ದಕ್ಕಿಂತ ತಿರುವಿನಲ್ಲಿ ಅಪಾಯ, ನೀರು ಒಳಗೇ ಉಯ್ಯಾಲೆ ಆಡುತ್ತೆ. ಹುಲ್ಲಿನ ಲೋಡ್ ಇದಕ್ಕೆ ವಿರುದ್ಧ, ತೂಕ ಕಮ್ಮಿ, ಎತ್ತರ ಜಾಸ್ತಿ. ಅಲ್ಲಿ ಭಯ ವಾಲುವುದರದ್ದು ಮತ್ತು ವಿದ್ಯುತ್ ತಂತಿಯದ್ದು.

ಟ್ರೇಲರಿಗೆ ಬ್ರೇಕ್ ಕೂರಿಸಬಹುದು. ಟ್ರ್ಯಾಕ್ಟರಿನ ಬ್ರೇಕ್ ಜೊತೆ ಕೆಲಸ ಮಾಡೋ ಹೈಡ್ರಾಲಿಕ್ ಬ್ರೇಕ್, ಏರ್ ಬ್ರೇಕ್ ಎರಡೂ ಸಿಗುತ್ತವೆ. ಹೊಸದಾಗಿ ಟ್ರೇಲರ್ ಮಾಡಿಸೋರು ಬಣ್ಣ, ಹೆಸರು, ಹೂವಿನ ಚಿತ್ರಕ್ಕೆ ಖರ್ಚು ಮಾಡೋ ಮುಂಚೆ ಬ್ರೇಕ್ ಕೇಳಿ. ಸಹಾಯಧನ, ಸಾಲ ಕೊಡೋರು ಟ್ರೇಲರಿಗೆ ಬ್ರೇಕ್ ಇದ್ದರೆ ಮಾತ್ರ ದುಡ್ಡು ಅಂತ ಒಂದು ಷರತ್ತು ಹಾಕಿದರೆ ಹತ್ತು ಜಾಗೃತಿ ಸಭೆಗಿಂತ ಹೆಚ್ಚು ಕೆಲಸ ಆಗುತ್ತೆ ಅನ್ನೋದು ನನ್ನ ನಂಬಿಕೆ. ಹಿಂದೆ ಕೆಂಪು ರಿಫ್ಲೆಕ್ಟರ್, ಉರಿಯೋ ದೀಪ, ಬೀಗದ ಕೊಂಡಿ ಇರೋ ಸರಿಯಾದ ಪಿನ್ನು, ಜೊತೆಗೊಂದು ಸರಪಳಿ ಇವೆಲ್ಲ ಅದಕ್ಕೂ ಮೊದಲೇ ಇರಬೇಕಾದ್ದು. ಪಿನ್ನಿನ ಜಾಗಕ್ಕೆ ಮುರುಕಲು ರಾಡು ತೂರಿಸಿದ ಗಾಡಿಗೆ ಗೊಬ್ಬರ ಹೇರಿಸಬೇಡಿ.

ಈ ವಾರ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಹತ್ತಿರದ ವೇಬ್ರಿಡ್ಜ್‌ಗೆ, ಉತ್ತರದ ಕಡೆ ಕಾಟಾ ಅಂತೀರಲ್ಲ ಅಲ್ಲಿಗೆ, ಜನ ಕಮ್ಮಿ ಇರೋ ಹೊತ್ತಿನಲ್ಲಿ ಹೋಗಿ. ಮೊದಲು ಖಾಲಿ ಟ್ರ್ಯಾಕ್ಟರ್ ಒಂದನ್ನೇ ತೂಗಿಸಿ, ಆಮೇಲೆ ಅದರ ಮುಂದಿನ ಗಾಲಿ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಗಿಸಿ. ನೀವು ಸಾಮಾನ್ಯವಾಗಿ ಹೇರುವಷ್ಟು ಹೇರಿ, ಟ್ರೇಲರ್ ಸಿಕ್ಕಿಸಿದ ಹಾಗೇ ಮತ್ತೆ ಬನ್ನಿ. ಪೂರ್ತಿ ಗಾಡಿ ಒಮ್ಮೆ, ಟ್ರ್ಯಾಕ್ಟರಿನ ನಾಲ್ಕು ಗಾಲಿ ಮಾತ್ರ ತಟ್ಟೆಯ ಮೇಲಿಟ್ಟು ಒಮ್ಮೆ, ಅದರ ಮುಂದಿನ ಗಾಲಿ ಮಾತ್ರ ಇಟ್ಟು ಒಮ್ಮೆ. ನಾಲ್ಕು ಗಾಲಿಯ ತೂಕದಲ್ಲಿ ಖಾಲಿ ಟ್ರ್ಯಾಕ್ಟರಿನ ತೂಕ ಕಳೆದರೆ ಸಿಗೋದು ಕೊಂಡಿಯ ಮೇಲಿನ ಭಾರ. ಲೋಡ್ ಇದ್ದಾಗ ಮುಂದಿನ ಗಾಲಿಯ ತೂಕ ಖಾಲಿ ಟ್ರ್ಯಾಕ್ಟರ್ ತೂಕದ ಐದನೇ ಒಂದು ಭಾಗಕ್ಕಿಂತ ಕಮ್ಮಿ ಬಂದರೆ ಹೇರುವುದನ್ನು ಇಳಿಸಿ ಅಥವಾ ಸ್ವಲ್ಪ ಹಿಂದಕ್ಕೆ ಸರಿಸಿ, ಆದರೆ ಮೂಕಿ ಏಳುವಷ್ಟು ಹಿಂಭಾರ ಮಾಡಬೇಡಿ. ಮುಂದೆ ತೂಕದ ಗುಂಡು ಹಾಕಿಸಿದರೆ ಸ್ಟೇರಿಂಗಿಗೆ ಅನುಕೂಲ, ಬ್ರೇಕಿಗೆ ಅಲ್ಲ. ಐದು ಚೀಟಿ ಸಿಗುತ್ತೆ, ಖರ್ಚಾಗೋದು ಒಂದಿಷ್ಟು ಚಿಲ್ಲರೆ. ಚೀಟಿಯಲ್ಲಿ ಬಂದ ತೂಕಕ್ಕೆ ಟ್ರೇಲರ್ ಎಲ್ಲಿಯವರೆಗೆ ತುಂಬಿತ್ತೋ ಅಲ್ಲಿ ಒಳಗಡೆ ಬಣ್ಣದಲ್ಲಿ ಒಂದು ಗೆರೆ ಎಳೀರಿ, ಗೋಡಿಗೆ ಒಂದು, ಗೊಬ್ಬರಕ್ಕೆ ಒಂದು. ಜೆಸಿಬಿಯವನಿಗೆ ಆ ಗೆರೆ ತೋರಿಸಿದರೆ ಸಾಕು.